ಒಂದು ಗಳಿಗೆಯ ತಪ್ಪು: ಗಣಕಯಂತ್ರವು ದೇಶದೇಶಗಳ ವೇಳೆಯನ್ನು ಲೆಕ್ಕಹಾಕುವ ಬಗೆ

ಪೈಥಾನ್ ಎಂಬ ಗಣಕಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬನಿದ್ದಾನೆಂದು ಭಾವಿಸೋಣ. ಅವನ ಅಕ್ಕ ನ್ಯೂಯಾರ್ಕಿನಲ್ಲಿದ್ದಾಳೆ. ಜುಲೈ ತಿಂಗಳ ಒಂದು ದಿನ ಭಾರತದ ವೇಳೆ ಸಂಜೆ 7 ಗಂಟೆಗೆ ಮನೆಮಂದಿಯೆಲ್ಲರೂ ಕೂಡಿ ಅವಳೊಡನೆ ಮಾತನಾಡಬೇಕೆಂದು ನಿಶ್ಚಯವಾಗಿದೆ. ಆ ಹೊತ್ತಿಗೆ ಅಕ್ಕನ ಗಡಿಯಾರದಲ್ಲಿ ಎಷ್ಟು ಗಂಟೆಯಾಗಿರುವುದೆಂಬುದನ್ನು ತಿಳಿಯಲು ಅವನು ನಾಲ್ಕು ಸಾಲಿನ ಪ್ರೋಗ್ರಾಮನ್ನು ಬರೆಯುತ್ತಾನೆ. ಬಹುಕಾಲ ಬಳಕೆಯಲ್ಲಿದ್ದ ಪೈ-ಟಿ-ಜೆಡ್ ಎಂಬ ಲೈಬ್ರರಿಯನ್ನು ತೆಗೆದುಕೊಂಡು, ವೇಳೆಯ ಪಕ್ಕದಲ್ಲಿ 'ಏಷ್ಯಾ/ಕೋಲ್ಕತಾ' ಎಂಬ ಕಾಲವಲಯದ ಹೆಸರನ್ನು ನೇರವಾಗಿ ಜೋಡಿಸುತ್ತಾನೆ. ಬೆಳಿಗ್ಗೆ 9 ಗಂಟೆ 30 ನಿಮಿಷವೆಂಬ ಉತ್ತರ ಬರಬೇಕು. ಆದರೆ ಯಂತ್ರವು ಕೊಡುವ ಉತ್ತರ 9 ಗಂಟೆ 7 ನಿಮಿಷ!

ಇಪ್ಪತ್ತಮೂರು ನಿಮಿಷಗಳು ಎಲ್ಲಿ ಹೋದವು? ನಮ್ಮ ಹಿರಿಯರ ಎಣಿಕೆಯಂತೆ ಒಂದು ಗಳಿಗೆಗೆ 24 ನಿಮಿಷ. ಹೆಚ್ಚುಕಡಮೆ ಒಂದು ಗಳಿಗೆಯಷ್ಟು ಹೊತ್ತು ಲೆಕ್ಕದಿಂದ ಜಾರಿಹೋಗಿದೆ. ಯಂತ್ರಕ್ಕೆ ಕೂಡುವುದು ಕಳೆಯುವುದು ಬಾರದೆ ಹೀಗಾಯಿತೆನ್ನುವಂತಿಲ್ಲ. ವಿಚಾರಿಸಿ ನೋಡಿದರೆ ಈ ತಪ್ಪಿನ ಬೇರು ನಮ್ಮ ದೇಶದ ಇತಿಹಾಸದಲ್ಲಿ, 19ನೆಯ ಶತಮಾನದ ಕಲಕತ್ತೆಯಲ್ಲಿ ದೊರೆಯುತ್ತದೆ. ಅದನ್ನು ಅಲ್ಲಿಂದಲೇ ಹಿಡಿದು ಬರೋಣ. ಹಾಗೆ ಬರುವಾಗ ಗಣಕಯಂತ್ರಗಳು ಕಾಲವನ್ನು ನಿರ್ವಹಿಸುವ ಬಗೆಯೆಲ್ಲವೂ ತಾನಾಗಿ ವಿಶದವಾಗುವುದು.

ಸೂರ್ಯನು ಹೇಳುವ ವೇಳೆ

ಭೂಮಿಯು ತನ್ನ ಅಕ್ಷದ ಮೇಲೆ 24 ಗಂಟೆಗಳಲ್ಲಿ 360 ಅಂಶಗಳಷ್ಟು ಸುತ್ತುತ್ತದೆ. ಅಂದರೆ ಒಂದು ಅಂಶಕ್ಕೆ ನಾಲ್ಕು ನಿಮಿಷ. ಪೂರ್ವದಲ್ಲಿರುವ ಊರಿಗೆ ಸೂರ್ಯನು ಮೊದಲು ನೆತ್ತಿಗೇರುತ್ತಾನೆ, ಪಶ್ಚಿಮದಲ್ಲಿರುವ ಊರಿಗೆ ಆಮೇಲೆ. ಮಂಗಳೂರಿಗಿಂತ ಬೆಂಗಳೂರು ಸುಮಾರು ಎರಡು ಮುಕ್ಕಾಲು ಅಂಶಗಳಷ್ಟು ಪೂರ್ವಕ್ಕಿರುವುದರಿಂದ ಬೆಂಗಳೂರಿನಲ್ಲಿ ನಡುಮಧ್ಯಾಹ್ನವಾಗಿ ಸುಮಾರು ಹನ್ನೊಂದು ನಿಮಿಷಗಳಾದ ಮೇಲೆ ಮಂಗಳೂರಿನಲ್ಲಿ ನಡುಮಧ್ಯಾಹ್ನವಾಗುತ್ತದೆ. ಈ ವಿಷಯವು ನಮ್ಮ ಜ್ಯೋತಿಷಿಗಳಿಗೆ ಹೊಸದಲ್ಲ. ಉಜ್ಜಯಿನಿಯ ಮಧ್ಯರೇಖೆಗೆ ಗಣಿಸಿದ ಫಲವನ್ನು ತಮ್ಮ ಊರಿಗೆ ಹೊಂದಿಸಲು ಅವರು 'ದೇಶಾಂತರ ಸಂಸ್ಕಾರ'ವನ್ನು ಮಾಡುತ್ತಿದ್ದರು. ಅಂಶವೊಂದಕ್ಕೆ ಹತ್ತು ವಿಘಳಿಗೆ, ಅಂದರೆ ಅದೇ ನಾಲ್ಕು ನಿಮಿಷ.

ಈಗ ಕಲಕತ್ತೆಯ ಲೆಕ್ಕವನ್ನು ಮಾಡೋಣ. ಆ ನಗರವು ಗ್ರೀನಿಚ್ಚಿನಿಂದ ಪೂರ್ವಕ್ಕೆ 88 ಅಂಶ 22 ಕಲೆಗಳ ರೇಖಾಂಶದಲ್ಲಿದೆ. ಅಂಶಕ್ಕೆ ನಾಲ್ಕು ನಿಮಿಷದಂತೆ 88 ಅಂಶಗಳಿಗೆ 352 ನಿಮಿಷ. ಕಲೆಗೆ ನಾಲ್ಕು ಸೆಕೆಂಡಿನಂತೆ 22 ಕಲೆಗಳಿಗೆ 88 ಸೆಕೆಂಡು. ಎರಡನ್ನೂ ಕೂಡಿಸಿದರೆ 5 ಗಂಟೆ 53 ನಿಮಿಷ 28 ಸೆಕೆಂಡು. ನಮ್ಮ ವಿದ್ಯಾರ್ಥಿಯ ಪ್ರೋಗ್ರಾಮು 5 ಗಂಟೆ 30 ನಿಮಿಷಕ್ಕೆ ಬದಲಾಗಿ 5 ಗಂಟೆ 53 ನಿಮಿಷವನ್ನು ಹಿಡಿದು ಕಳೆದಿತ್ತು. ಯಂತ್ರವು ಬಳಸಿದ್ದು ಕಲಕತ್ತೆಯ ಸೂರ್ಯನ ವೇಳೆಯನ್ನೇ ಎಂಬುದು ಇದರಿಂದ ಸ್ಪಷ್ಟ. ಆದರೆ ಎಂದೋ ಕೈಬಿಟ್ಟ ಆ ವೇಳೆಯು ಇಂದಿನ ಪ್ರೋಗ್ರಾಮಿನೊಳಕ್ಕೆ ನುಸುಳಿದ್ದು ಹೇಗೆ?

ರೈಲು ತಂದ ಪ್ರಮಾಣಕಾಲ

ಎತ್ತಿನ ಗಾಡಿಯ ಕಾಲದಲ್ಲಿ ಊರಿಗೊಂದು ವೇಳೆಯಿದ್ದರೂ ಯಾರಿಗೂ ತೊಂದರೆಯಿರಲಿಲ್ಲ. ರೈಲು ಮತ್ತು ತಂತಿ ಬಂದ ಮೇಲೆ ಈ ವ್ಯವಸ್ಥೆ ನಿಲ್ಲಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಓಡುವ ಎರಡು ಬಂಡಿಗಳಿಗೆ ಎರಡು ಬಗೆಯ ಗಡಿಯಾರವಿದ್ದರೆ ಅದು ಪ್ರಾಣಾಪಾಯದ ಮಾತು. ಅಮೆರಿಕ ಮತ್ತು ಕೆನಡಾ ದೇಶಗಳ ರೈಲ್ವೆಗಳು 1883ರ ನವೆಂಬರ್ 18ರಂದು ತಮ್ಮ ಮಾರ್ಗಗಳನ್ನೆಲ್ಲ ಕೆಲವೇ ಕಾಲವಲಯಗಳಿಗೆ ಅಳವಡಿಸಿದವು. ಮರುವರ್ಷ, 1884ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ 25 ರಾಷ್ಟ್ರಗಳ ಪ್ರತಿನಿಧಿಗಳು ಕೂಡಿ ಗ್ರೀನಿಚ್ಚಿನ ಮೂಲಕ ಹಾಯುವ ರೇಖೆಯನ್ನು ಸೊನ್ನೆಯ ರೇಖಾಂಶವೆಂದು ಗೊತ್ತುಪಡಿಸಿದರು.

ಭಾರತದಲ್ಲಿ ಮುಂಬಯಿಯ ವೇಳೆಗೂ ಕಲಕತ್ತೆಯ ವೇಳೆಗೂ ಒಂದು ಗಂಟೆಗೂ ಮಿಕ್ಕ ವ್ಯತ್ಯಾಸವಿತ್ತು. ಇವೆರಡರ ನಡುವೆ ಬೀಳುವ ಮದರಾಸಿನ ವೇಳೆಯನ್ನು, ಅಂದರೆ ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದಿರುವ ವೇಳೆಯನ್ನು, ರೈಲ್ವೆಗಳು ಅನುಸರಿಸುತ್ತಿದ್ದವು. 1906ರ ಜನವರಿ 1ರಿಂದ ಇಂದಿನ ಭಾರತೀಯ ಪ್ರಮಾಣಕಾಲವು ಜಾರಿಗೆ ಬಂದಿತು. ಮಿರ್ಜಾಪುರದ ಸಮೀಪದಲ್ಲಿ ಹಾಯುವ ಎಂಬತ್ತೆರಡೂವರೆ ಅಂಶಗಳ ರೇಖೆಯ ವೇಳೆಯೇ ಇಡೀ ದೇಶದ ವೇಳೆಯಾಯಿತು. ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು. ಬೆಂಗಳೂರಿನ ಸೂರ್ಯನ ವೇಳೆಗಿಂತ ಇದು ಸುಮಾರು 20 ನಿಮಿಷ ಮುಂದಿದೆ. ಆದರೂ ಕಲಕತ್ತೆಯು 1948ರ ವರೆಗೂ, ಮುಂಬಯಿಯು 1955ರ ವರೆಗೂ ತಮ್ಮ ಸ್ಥಳೀಯ ವೇಳೆಯನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದ ವರೆಗೆ, ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಡಲಾಗಿತ್ತು. ಆಗ ಅಂತರವು ಆರೂವರೆ ಗಂಟೆ.

ಗಡಿಯಾರದ ವೇಳೆಯು ಪ್ರಕೃತಿಯಿಂದ ಬಂದುದಲ್ಲ, ಸರಕಾರಗಳ ಆಜ್ಞೆಯಿಂದ ಬಂದುದು ಎಂಬ ಮಾತು ಇಲ್ಲಿಯೇ ಮನದಟ್ಟಾಗಬೇಕು. ಪ್ರಕೃತಿಯ ನಿಯಮವನ್ನು ಸೂತ್ರದಲ್ಲಿ ಹಿಡಿಯಬಹುದು. ಆಜ್ಞೆಗಳನ್ನು ಪಟ್ಟಿಮಾಡಿ ಇಟ್ಟುಕೊಳ್ಳುವುದಲ್ಲದೆ ಬೇರೆ ಉಪಾಯವಿಲ್ಲ.

ಗಣಕಯಂತ್ರದ ಎಣಿಕೆ

ಗಣಕಯಂತ್ರವು ಒಳಗೊಳಗೆ ಗಂಟೆ, ದಿನ, ತಿಂಗಳುಗಳ ಗೊಡವೆಗೆ ಹೋಗುವುದಿಲ್ಲ. ಯುನಿಕ್ಸ್ ಸಂಪ್ರದಾಯದಲ್ಲಿ 1970ರ ಜನವರಿ 1ರ ಸೊನ್ನೆ ಗಂಟೆಯಿಂದ ಎಷ್ಟು ಸೆಕೆಂಡುಗಳು ಕಳೆದವೆಂಬ ಒಂದೇ ಒಂದು ಸಂಖ್ಯೆಯನ್ನು ಅದು ಎಣಿಸುತ್ತ ಹೋಗುತ್ತದೆ. ಈ ಸೊನ್ನೆ ಗಂಟೆಯು ಯು.ಟಿ.ಸಿ. ಎಂದು ಪ್ರಸಿದ್ಧವಾದ ವಿಶ್ವಕಾಲದ್ದು. ಸ್ಥೂಲವಾಗಿ ಗ್ರೀನಿಚ್ಚಿನ ವೇಳೆಯೆಂದು ತಿಳಿದರೆ ಸಾಕು. ಭೂಮಿಯ ಸುತ್ತುವಿಕೆಗೆ ಹೊಂದಿಸಲು ಆಗಾಗ ಸೇರಿಸುವ ಅಧಿಕ ಸೆಕೆಂಡುಗಳನ್ನು ಈ ಎಣಿಕೆಯು ಲೆಕ್ಕಕ್ಕೆ ಹಿಡಿಯದೆ, ದಿನವೊಂದಕ್ಕೆ 86,400 ಸೆಕೆಂಡುಗಳೆಂದೇ ಭಾವಿಸುತ್ತದೆ.

ಉದಾಹರಣೆಗೆ 170 ಕೋಟಿ ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಇದನ್ನು 86,400ರಿಂದ ಭಾಗಿಸಿ ನೋಡಬಹುದು. 19,675 ಪೂರ್ಣ ದಿನಗಳು ದೊರೆತು 80,000 ಸೆಕೆಂಡುಗಳು ಉಳಿಯುತ್ತವೆ. ಆ ಉಳಿಕೆಯೆಂದರೆ 22 ಗಂಟೆ 13 ನಿಮಿಷ 20 ಸೆಕೆಂಡು. ದಿನಗಳನ್ನು 1970ರಿಂದ ಎಣಿಸುತ್ತ ಬಂದರೆ 2023ರ ನವೆಂಬರ್ 14ಕ್ಕೆ ಬಂದು ಮುಟ್ಟುತ್ತೇವೆ. ಅದೇ ಕ್ಷಣದಲ್ಲಿ ಭಾರತದ ಗಡಿಯಾರಗಳು ನವೆಂಬರ್ 15ರ ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡನ್ನು ತೋರಿಸುತ್ತಿದ್ದವು. ಟೋಕಿಯೋದಲ್ಲಿ ಅದೇ 15ರ ಬೆಳಿಗ್ಗೆ 7 ಗಂಟೆ 13 ನಿಮಿಷ. ನ್ಯೂಯಾರ್ಕಿನಲ್ಲಿಯಾದರೋ 14ರ ಸಂಜೆ 5 ಗಂಟೆ 13 ನಿಮಿಷ.

ಕ್ಷಣವು ಒಂದೇ, ಸಂಖ್ಯೆಯೂ ಒಂದೇ. ತೋರಿಕೆಗಳು ಮಾತ್ರ ಬೇರೆ. ಈ ಸಂಖ್ಯೆಯಿಂದ ಯಾವುದೇ ಊರಿನ ವೇಳೆಯನ್ನು ಪಡೆಯುವುದು ಸುಲಭ, ಏಕೆಂದರೆ ಪ್ರತಿಯೊಂದು ಕ್ಷಣಕ್ಕೂ ಆ ಊರಿನಲ್ಲಿ ಒಂದೇ ಉತ್ತರವಿದೆ. ತೊಂದರೆಯೆಲ್ಲವೂ ಇದರ ವಿಲೋಮ ಕ್ರಿಯೆಯಲ್ಲಿದೆ. ಊರಿನ ವೇಳೆಯನ್ನು ಕೊಟ್ಟು ಕ್ಷಣವನ್ನು ಹುಡುಕೆಂದರೆ ಕೆಲವೊಮ್ಮೆ ಎರಡು ಉತ್ತರಗಳು ಬರುತ್ತವೆ, ಕೆಲವೊಮ್ಮೆ ಒಂದೂ ಬರುವುದಿಲ್ಲ. ಇದನ್ನು ಮುಂದೆ ನೋಡೋಣ.

ಅಂತರ ಬೇರೆ, ವಲಯ ಬೇರೆ

'ಐದೂವರೆ ಗಂಟೆ ಮುಂದು' ಎಂಬುದು ಒಂದು ಅಂತರ, ಬರಿಯ ಸಂಖ್ಯೆ. ಕಾಲವಲಯವೆಂದರೆ ಅಷ್ಟೇ ಅಲ್ಲ. ಒಂದು ಪ್ರದೇಶವು ಯಾವ ಯಾವ ಕಾಲದಲ್ಲಿ ಯಾವ ಯಾವ ಅಂತರವನ್ನು ಅನುಸರಿಸಿತು, ಅನುಸರಿಸಲಿದೆ ಎಂಬ ಸಮಗ್ರ ಚರಿತ್ರೆಯೇ ಕಾಲವಲಯ. ಶ್ರೀಲಂಕೆಯ ಗಡಿಯಾರವೂ ನಮ್ಮ ಗಡಿಯಾರವೂ ಇಂದು ಒಂದೇ ವೇಳೆಯನ್ನು ತೋರಿಸುತ್ತವೆ. ಆದರೆ 1996ರ ಮೇ ತಿಂಗಳಿನಲ್ಲಿ ಶ್ರೀಲಂಕೆಯು ಆರೂವರೆ ಗಂಟೆಗೆ ಹೋಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಆರು ಗಂಟೆಗೆ ಇಳಿದು, 2006ರ ಏಪ್ರಿಲಿನಲ್ಲಿ ಮತ್ತೆ ಐದೂವರೆಗೆ ಬಂದಿತು. ಇಂದಿನ ಅಂತರ ಒಂದೇ ಆದರೂ ವಲಯಗಳು ಎರಡು.

ನ್ಯೂಯಾರ್ಕಿನಲ್ಲಿ ಅಂತರವು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಚಳಿಗಾಲದಲ್ಲಿ ವಿಶ್ವಕಾಲಕ್ಕಿಂತ ಐದು ಗಂಟೆ ಹಿಂದೆ, ಬೇಸಗೆಯಲ್ಲಿ ನಾಲ್ಕು ಗಂಟೆ ಹಿಂದೆ. ಹಾಗಾಗಿ ನಮಗೂ ಅವರಿಗೂ ಇರುವ ವ್ಯತ್ಯಾಸವು ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ಅಮೆರಿಕದಲ್ಲಿ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ನವೆಂಬರ್ ಬಂದೊಡನೆ "ಇನ್ನು ಮೇಲೆ ಒಂದು ಗಂಟೆ ತಡವಾಗಿ ಫೋನು ಬರುತ್ತದೆ" ಎಂದು ತಾಯಂದಿರು ಹೇಳುವುದು ಇದಕ್ಕಾಗಿಯೇ. ಅವರು ತಿಳಿದಿರುವ ಈ ಸಂಗತಿಯನ್ನು ಪ್ರೋಗ್ರಾಮು ಬರೆಯುವವನು ಎಷ್ಟೋ ವೇಳೆ ಮರೆಯುತ್ತಾನೆ. ಭಾರತದಲ್ಲಿ ಗಡಿಯಾರವನ್ನು ಹಿಂದುಮುಂದು ಮಾಡುವ ಪದ್ಧತಿ ಇಲ್ಲದಿರುವುದರಿಂದ 'ಐದೂವರೆ ಗಂಟೆ ಕೂಡಿಸು' ಎಂದು ಬರೆದ ಪ್ರೋಗ್ರಾಮು ಇಲ್ಲಿ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ಪರದೇಶದವರು ಬಳಸತೊಡಗಿದ ದಿನ ಅದರ ದೋಷ ಹೊರಬೀಳುತ್ತದೆ.

ಲೋಕದ ಗಡಿಯಾರಗಳ ಕಡತ

ಈ ಎಲ್ಲ ಚರಿತ್ರೆಯನ್ನು ಒಂದೆಡೆ ಕೂಡಿಹಾಕುವ ಕೆಲಸವನ್ನು ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದರು. ಮುಂದೆ ಪಾಲ್ ಎಗರ್ಟ್ ಅವರು ಅದನ್ನು ಸಂಪಾದಿಸುತ್ತ ಬಂದರು. 2011ರಿಂದ ಅಂತರಜಾಲದ ಹೆಸರು ಮತ್ತು ಸಂಖ್ಯೆಗಳನ್ನು ನೋಡಿಕೊಳ್ಳುವ ಐಯಾನಾ ಎಂಬ ಸಂಸ್ಥೆಯ ಆಶ್ರಯದಲ್ಲಿ ಅದು ಪ್ರಕಟವಾಗುತ್ತಿದೆ. ನಮ್ಮ ಕೈಯ ದೂರವಾಣಿಯಿಂದ ಹಿಡಿದು ದೊಡ್ಡ ದೊಡ್ಡ ಯಂತ್ರಗಳವರೆಗೆ ಬಹುಪಾಲು ಎಲ್ಲವೂ ಈ ಕಡತವನ್ನೇ ಅವಲಂಬಿಸಿವೆ.

ಇದರಲ್ಲಿ ವಲಯಗಳಿಗೆ ಖಂಡದ ಹೆಸರನ್ನೂ ಒಂದು ಪ್ರಮುಖ ನಗರದ ಹೆಸರನ್ನೂ ಸೇರಿಸಿ ಇಟ್ಟಿದ್ದಾರೆ: ಏಷ್ಯಾ/ಕೋಲ್ಕತಾ, ಅಮೆರಿಕಾ/ನ್ಯೂಯಾರ್ಕ್, ಹೀಗೆ. ರಾಜ್ಯಗಳು ಬದಲಾಗಬಹುದು, ಗಡಿಗಳು ಸರಿಯಬಹುದು, ನಗರಗಳು ಮಾತ್ರ ಇದ್ದಲ್ಲಿಯೇ ಇರುತ್ತವೆಂಬುದು ಈ ಕ್ರಮಕ್ಕೆ ಆಧಾರ. ಪ್ರತಿಯೊಂದು ವಲಯಕ್ಕೂ ಕಾಲಾನುಕ್ರಮವಾಗಿ ಕೆಲವು ಸಾಲುಗಳಿವೆ. ಕೋಲ್ಕತಾ ವಲಯದ ಮೊದಲನೆಯ ಸಾಲು ಆ ನಗರದ ಸೂರ್ಯನ ವೇಳೆ: 5 ಗಂಟೆ 53 ನಿಮಿಷ 28 ಸೆಕೆಂಡು. ಮುಂದಿನ ಸಾಲುಗಳಲ್ಲಿ ಮದರಾಸಿನ ವೇಳೆ, 1906ರ ಪ್ರಮಾಣಕಾಲ, ಯುದ್ಧಕಾಲದ ಏರಿಳಿತ, ಕೊನೆಗೆ 1945ರ ಅಕ್ಟೋಬರ್ 15ರಿಂದ ಅವಿಚ್ಛಿನ್ನವಾದ ಐದೂವರೆ ಗಂಟೆ.

ಕಡತದ ಒಂದು ಮಿತಿಯನ್ನೂ ಹೇಳಬೇಕು. 1970ರಿಂದ ಈಚೆಗೆ ಒಂದೇ ವೇಳೆಯನ್ನು ಅನುಸರಿಸಿದ ಪ್ರದೇಶಗಳನ್ನೆಲ್ಲ ಒಂದೇ ವಲಯವೆಂದು ಇದರಲ್ಲಿ ಎಣಿಸಲಾಗಿದೆ. ಆದ್ದರಿಂದ ಭಾರತಕ್ಕೆಲ್ಲ ಒಂದೇ ವಲಯ. ಮುಂಬಯಿಯ ಹಳೆಯ ವೇಳೆಯು ಇದರ ಸಾಲುಗಳಲ್ಲಿ ದೊರೆಯುವುದಿಲ್ಲ.

ಆಜ್ಞೆಗಳು ಬದಲಾಗುತ್ತಿರುವುದರಿಂದ ಈ ಕಡತಕ್ಕೆ ಮುಕ್ತಾಯವೆಂಬುದಿಲ್ಲ. ಪೆಸಿಫಿಕ್ ಸಾಗರದ ಸಮೋವಾ ದೇಶವು 2011ರಲ್ಲಿ ದಿನಾಂಕರೇಖೆಯ ಇನ್ನೊಂದು ಬದಿಗೆ ದಾಟಿತು; ಡಿಸೆಂಬರ್ 29ರ ಮರುದಿನ ಅಲ್ಲಿ ಡಿಸೆಂಬರ್ 31. ಆ ವರ್ಷದ ಡಿಸೆಂಬರ್ 30 ಎಂಬ ದಿನವೇ ಅಲ್ಲಿಯವರಿಗೆ ಇಲ್ಲ. 2023ರ ಮಾರ್ಚ್ ತಿಂಗಳಿನಲ್ಲಿ ಲೆಬನಾನಿನ ಸರಕಾರವು, ಗಡಿಯಾರವನ್ನು ಮುಂದಿಡಲು ಕೆಲವೇ ದಿನಗಳಿರುವಾಗ, ಅದನ್ನು ಏಪ್ರಿಲಿಗೆ ಮುಂದೂಡಿತು. ಕೆಲವು ಸಂಸ್ಥೆಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ಊರಿನಲ್ಲಿ ಎರಡು ವೇಳೆಗಳು ನಡೆದವು. ಕೆಲವು ದಿನಗಳಲ್ಲಿಯೇ ಸರಕಾರವು ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಇಂಥ ಸಂದರ್ಭಗಳಲ್ಲಿ ಕಡತವನ್ನು ಹೊಸದಾಗಿ ಹಾಕಿಕೊಳ್ಳದ ಯಂತ್ರವು ನಿರ್ದುಷ್ಟವಾದ ಪ್ರೋಗ್ರಾಮನ್ನು ನಡೆಸುತ್ತಿದ್ದರೂ ತಪ್ಪು ವೇಳೆಯನ್ನೇ ಹೇಳುವುದು.

ಪೈಥಾನಿನ ಏರ್ಪಾಡು

ಲೈಬ್ರರಿಯೆಂದರೆ ಇಲ್ಲಿ ಪುಸ್ತಕಗಳ ಭಂಡಾರವಲ್ಲ. ಪದೇಪದೇ ಬೇಕಾಗುವ ಲೆಕ್ಕಗಳನ್ನು ಒಮ್ಮೆ ಸರಿಯಾಗಿ ಬರೆದು, ಬೇಕಾದವರು ಕರೆದು ಬಳಸಲು ಅನುಕೂಲವಾಗುವಂತೆ ಕಟ್ಟಿಟ್ಟ ಸಿದ್ಧ ಸಾಮಗ್ರಿ. ಪೈಥಾನಿನಲ್ಲಿ ದಿನಾಂಕ ಮತ್ತು ವೇಳೆಗಳಿಗಾಗಿ 'ಡೇಟ್‌ಟೈಮ್' ಎಂಬ ಲೈಬ್ರರಿಯು 2003ರಲ್ಲಿ ಬಂದಿತು. ಅದು ವೇಳೆಗಳನ್ನು ಎರಡು ಜಾತಿಗಳಾಗಿ ವಿಂಗಡಿಸುತ್ತದೆ. ಯಾವ ವಲಯದ್ದೆಂಬ ಗುರುತಿಲ್ಲದೆ 'ಸಂಜೆ 7 ಗಂಟೆ' ಎಂದಷ್ಟೇ ಹೇಳುವ ವೇಳೆಯು ಮುಗ್ಧ ವೇಳೆ. ವಲಯವನ್ನೂ ಜೊತೆಗೆ ಹೊತ್ತಿರುವ ವೇಳೆಯು ಅರಿತ ವೇಳೆ. ಮುಗ್ಧ ವೇಳೆಯು ವಿಳಾಸವಿಲ್ಲದ ಕಾಗದದಂತೆ. ಅದರಿಂದ ಕ್ಷಣವನ್ನು ಗುರುತಿಸಲಾಗದು. ಒಂದು ಮುಗ್ಧ ವೇಳೆಯನ್ನು ಅರಿತ ವೇಳೆಯಿಂದ ಕಳೆಯಲು ಹೇಳಿದರೆ ಪೈಥಾನ್ ಒಪ್ಪುವುದಿಲ್ಲ, ದೋಷವೆಂದು ಸಾರಿ ನಿಲ್ಲುತ್ತದೆ. ಊಹೆಯಿಂದ ತಪ್ಪು ಉತ್ತರ ಕೊಡುವುದಕ್ಕಿಂತ ಹೀಗೆ ನಿಂತುಬಿಡುವುದೇ ಮೇಲು.

ಆದರೆ ಆ ಲೈಬ್ರರಿಯಲ್ಲಿ ವಲಯಗಳಿಗೆ ಸ್ಥಾನವಿತ್ತೇ ಹೊರತು ವಲಯಗಳೇ ಇರಲಿಲ್ಲ. ಗೂಟವನ್ನು ಹೊಡೆದಿದ್ದರು, ಗಡಿಯಾರವನ್ನು ತೂಗುಹಾಕಿರಲಿಲ್ಲ. ಆ ಕೊರತೆಯನ್ನು ಪೈ-ಟಿ-ಜೆಡ್ ಎಂಬ ಹೊರಗಿನ ಲೈಬ್ರರಿಯು ತುಂಬಿತು. ಅದರ ನಿರ್ಮಾಪಕರಿಗೆ ಒಂದು ತೊಡಕು ಎದುರಾಯಿತು. ಗಡಿಯಾರವನ್ನು ಹಿಂದಿಡುವ ರಾತ್ರಿ ಒಂದೇ ಗಂಟೆ ಎರಡು ಸಲ ಬರುತ್ತದೆ. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಹೇಳಲು ಅಂದಿನ ಡೇಟ್‌ಟೈಮಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಅವರು ಒಂದೊಂದು ಅಂತರಕ್ಕೂ ಒಂದೊಂದು ಪ್ರತ್ಯೇಕ ವಸ್ತುವನ್ನು ಮಾಡಿಟ್ಟರು. ದಿನಾಂಕವನ್ನು ನೋಡಿ ತಕ್ಕ ವಸ್ತುವನ್ನು ಆರಿಸಿ ಜೋಡಿಸುವ ಕೆಲಸಕ್ಕೆ 'ಲೋಕಲೈಸ್' ಎಂಬ ಬೇರೆ ಕ್ರಿಯೆಯನ್ನು ಏರ್ಪಡಿಸಿದರು.

ನಮ್ಮ ವಿದ್ಯಾರ್ಥಿಯು ಎಡವಿದ್ದು ಇಲ್ಲಿಯೇ. ಅವನು ಆ ಕ್ರಿಯೆಯನ್ನು ಕರೆಯದೆ ವಲಯವನ್ನು ನೇರವಾಗಿ ಜೋಡಿಸಿದನು. ದಿನಾಂಕವನ್ನು ನೋಡಿ ಆರಿಸುವ ಅವಕಾಶವೇ ದೊರೆಯದಿದ್ದುದರಿಂದ ವಲಯದ ಮೊದಲನೆಯ ಸಾಲೇ, ಎಂದರೆ ಕಲಕತ್ತೆಯ ಸೂರ್ಯನ ವೇಳೆಯೇ, ಅವನ ಪಾಲಿಗೆ ಬಂದಿತು. ಸೆಕೆಂಡುಗಳನ್ನು ಬಿಟ್ಟು ನಿಮಿಷಕ್ಕೆ ಸರಿಪಡಿಸಿದಾಗ 5 ಗಂಟೆ 53 ನಿಮಿಷ. ಒಂದು ಗಳಿಗೆಯ ತಪ್ಪಿನ ರಹಸ್ಯವು ಇಷ್ಟೆ.

2016ರಲ್ಲಿ ಪೈಥಾನಿನ 3.6ನೆಯ ಆವೃತ್ತಿಯು ಡೇಟ್‌ಟೈಮಿಗೆ 'ಫೋಲ್ಡ್' ಎಂಬ ಹೊಸ ಗುರುತನ್ನು ಸೇರಿಸಿತು. ಎರಡು ಸಲ ಬರುವ ಗಂಟೆಯಲ್ಲಿ ಮೊದಲನೆಯದಕ್ಕೆ 0, ಎರಡನೆಯದಕ್ಕೆ 1. ಹೀಗೆ ಮೂಲ ತೊಡಕೇ ನೀಗಿತು. ಬಳಿಕ ಪಾಲ್ ಗ್ಯಾನ್ಸಲ್ ಅವರ ಪ್ರಸ್ತಾವದಂತೆ 2020ರಲ್ಲಿ ಬಂದ 3.9ನೆಯ ಆವೃತ್ತಿಯಲ್ಲಿ 'ಝೋನ್‌ಇನ್ಫೋ' ಎಂಬ ಲೈಬ್ರರಿಯು ಪೈಥಾನಿನ ಅಂಗವೇ ಆಯಿತು. ಇದು ವಲಯಗಳ ನಿಯಮಗಳನ್ನು ತನ್ನಲ್ಲಿ ಅಡಗಿಸಿಟ್ಟುಕೊಳ್ಳದೆ, ಯಂತ್ರದಲ್ಲಿರುವ ಐಯಾನಾ ಕಡತವನ್ನು ಓದಿಕೊಳ್ಳುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಆ ಕಡತವಿಲ್ಲದಿರುವುದರಿಂದ 'ಟಿ-ಜೆಡ್-ಡೇಟಾ' ಎಂಬ ಕಟ್ಟನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಝೋನ್‌ಇನ್ಫೋದಲ್ಲಿ ವಲಯವನ್ನು ನೇರವಾಗಿ ಜೋಡಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ. 1944ರ ಒಂದು ದಿನಾಂಕವನ್ನು ಕೊಟ್ಟರೆ ಅದು ತಾನಾಗಿಯೇ ಆರೂವರೆ ಗಂಟೆಯ ಅಂತರವನ್ನು ಹಿಡಿಯುತ್ತದೆ. ಆ ವರ್ಷ ಬೆಂಗಳೂರಿನಲ್ಲಿ ಗಡಿಯಾರದ ಪ್ರಕಾರ ಬೆಳಿಗ್ಗೆ 6 ಗಂಟೆಗೆ ಹುಟ್ಟಿದ ಅಜ್ಜಿಯೊಬ್ಬರ ಜನ್ಮಕಾಲವನ್ನು ಐದೂವರೆ ಗಂಟೆಯೆಂದು ಲೆಕ್ಕಹಾಕಿದರೆ ಒಂದು ಗಂಟೆ ತಪ್ಪುತ್ತದೆಂಬುದನ್ನು ಜಾತಕ ಬರೆಯುವ ಪ್ರೋಗ್ರಾಮುಗಳೂ ನೆನಪಿಡತಕ್ಕದ್ದು.

ಎರಡು ಸಲ ಬರುವ ಗಂಟೆ, ಬಾರದೆ ಹೋಗುವ ಗಂಟೆ

2024ರ ನವೆಂಬರ್ 3ರ ರಾತ್ರಿ ನ್ಯೂಯಾರ್ಕಿನ ಗಡಿಯಾರಗಳು 2 ಗಂಟೆಯನ್ನು ಮುಟ್ಟುತ್ತಲೇ ಮತ್ತೆ 1 ಗಂಟೆಗೆ ಸರಿದವು. ಹಾಗಾಗಿ ಒಂದೂವರೆ ಗಂಟೆಯೆಂಬುದು ಆ ರಾತ್ರಿ ಎರಡು ಸಲ ಬಂದಿತು. ಆಸ್ಪತ್ರೆಯ ದಾದಿಯೊಬ್ಬಳು "ಒಂದೂವರೆ ಗಂಟೆಗೆ ಔಷಧ ಕೊಟ್ಟಿದೆ" ಎಂದು ಬರೆದಿಟ್ಟರೆ, ಮುಂದಿನ ಔಷಧಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದು ಆ ಬರವಣಿಗೆಯಿಂದ ತಿಳಿಯದು. ವಿಶ್ವಕಾಲದಲ್ಲಿ ಬರೆದಿದ್ದರೆ ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ.

ಅದೇ ವರ್ಷದ ಮಾರ್ಚ್ 10ರಂದು ಇದರ ವಿಪರೀತ ನಡೆದಿತ್ತು. ರಾತ್ರಿ 2 ಗಂಟೆಯಾಗುತ್ತಲೇ ಗಡಿಯಾರಗಳು 3ಕ್ಕೆ ಹಾರಿದವು. ಎರಡೂವರೆ ಗಂಟೆಯೆಂಬುದು ಅಂದು ಬರಲೇ ಇಲ್ಲ. ಇಲ್ಲದ ಈ ವೇಳೆಯನ್ನು ಕೊಟ್ಟರೂ ಪೈಥಾನ್ ತಕರಾರು ಮಾಡುವುದಿಲ್ಲವೆಂಬುದನ್ನು ಗಮನಿಸಬೇಕು. ಅದನ್ನು ಕಂಡುಹಿಡಿಯಲು ಒಂದು ಸರಳ ಪರೀಕ್ಷೆಯಿದೆ. ಆ ವೇಳೆಯನ್ನು ವಿಶ್ವಕಾಲಕ್ಕೆ ಪರಿವರ್ತಿಸಿ, ಮತ್ತೆ ನ್ಯೂಯಾರ್ಕಿಗೆ ತಂದು ನೋಡುವುದು. ಎರಡೂವರೆಯಾಗಿ ಹೋದದ್ದು ಮೂರೂವರೆಯಾಗಿ ಹಿಂತಿರುಗುತ್ತದೆ! ಹೋದ ರೂಪದಲ್ಲಿಯೇ ಹಿಂತಿರುಗದ ವೇಳೆಯು ನಿಜವಾಗಿ ಇರಲಿಲ್ಲವೆಂದು ತಿಳಿಯಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಮಾರ್ಚ್ 9ರ ನಡುಮಧ್ಯಾಹ್ನ 12 ಗಂಟೆಗೆ 24 ಗಂಟೆಗಳನ್ನು ಕೂಡಿಸೆಂದು ಪೈಥಾನಿಗೆ ಹೇಳಿದರೆ ಅದು ಮಾರ್ಚ್ 10ರ ನಡುಮಧ್ಯಾಹ್ನ 12 ಎಂದು ಉತ್ತರಿಸುತ್ತದೆ. ಆದರೆ ನಿಜವಾಗಿ ಕಳೆದಿರುವುದು 23 ಗಂಟೆಗಳು ಮಾತ್ರ. ಆ ಎರಡು ವೇಳೆಗಳನ್ನು ಒಂದರಿಂದೊಂದು ಕಳೆದರೂ 24 ಎಂದೇ ಹೇಳುತ್ತದೆ. ಎರಡೂ ಒಂದೇ ವಲಯದವಾದಾಗ ಪೈಥಾನ್ ಗಡಿಯಾರದ ಮುಖವನ್ನು ಮಾತ್ರ ನೋಡಿ ಲೆಕ್ಕಮಾಡುತ್ತದೆ, ಅಂತರಗಳನ್ನು ನೋಡುವುದಿಲ್ಲ. 'ನಾಳೆ ಇದೇ ಹೊತ್ತಿಗೆ' ಎಂಬುದಕ್ಕೆ ಈ ಲೆಕ್ಕ ಸರಿ. 'ಇನ್ನು 24 ಗಂಟೆಗಳ ಬಳಿಕ' ಎಂಬುದಕ್ಕೆ ಸರಿಯಲ್ಲ. ನಿಜವಾಗಿ ಕಳೆದ ಹೊತ್ತು ಬೇಕಾದವರು ಎರಡನ್ನೂ ಮೊದಲು ವಿಶ್ವಕಾಲಕ್ಕೆ ತಂದು, ಆಮೇಲೆ ಕೂಡುವುದು ಕಳೆಯುವುದನ್ನು ಮಾಡತಕ್ಕದ್ದು.

ಹಿಂದಿನದಕ್ಕೊಂದು ನಿಯಮ, ಮುಂದಿನದಕ್ಕೊಂದು

ಹಾಗಾದರೆ ಎಲ್ಲವನ್ನೂ ವಿಶ್ವಕಾಲದಲ್ಲಿಯೇ ಬರೆದಿಟ್ಟರೆ ಸಾಲದೆ ಎಂದು ವಾಚಕರು ಕೇಳಬಹುದು. ನಡೆದುಹೋದ ಘಟನೆಗೆ ಇದು ಸರಿಯಾದ ಮಾತು. ಹಣ ಸಂದಾಯವಾದ ಕ್ಷಣ, ಭೂಕಂಪವಾದ ಕ್ಷಣ, ಔಷಧ ಕೊಟ್ಟ ಕ್ಷಣ, ಇವು ಮತ್ತೆ ಬದಲಾಗಲಾರವು. ವಿಶ್ವಕಾಲದ ಸಂಖ್ಯೆಯಲ್ಲಿ ಇಟ್ಟರೆ ಲೋಕದಲ್ಲಿ ಎಲ್ಲಿಂದ ನೋಡಿದರೂ ಒಂದೇ ಅರ್ಥ.

ಮುಂದೆ ನಡೆಯಬೇಕಾದುದಕ್ಕೆ ಮಾತ್ರ ಈ ನಿಯಮವು ಸಾಲದು. ನ್ಯೂಯಾರ್ಕಿನ ಒಂದು ಕಚೇರಿಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ 9 ಗಂಟೆಗೆ ಸಭೆ ಸೇರುತ್ತದೆ, ಬೆಂಗಳೂರಿನವರೂ ದೂರದಿಂದ ಅದರಲ್ಲಿ ಭಾಗವಹಿಸುತ್ತಾರೆ ಎನ್ನೋಣ. ಜುಲೈಯಲ್ಲಿ ಅದು ನಮಗೆ ಸಂಜೆ ಆರೂವರೆ. ಅದನ್ನು ವಿಶ್ವಕಾಲಕ್ಕೆ ತಿರುಗಿಸಿ 13 ಗಂಟೆಯೆಂದು ಬರೆದಿಟ್ಟರೆ, ಡಿಸೆಂಬರಿನಲ್ಲಿ ಆ ಸಂಖ್ಯೆಯು ನ್ಯೂಯಾರ್ಕಿನ 8 ಗಂಟೆಯಾಗುತ್ತದೆ. ಅಲ್ಲಿಯವರು ಬರುವುದು 9ಕ್ಕೆ, ನಮ್ಮ ಏಳೂವರೆಗೆ. ಪ್ರೋಗ್ರಾಮು ನಮ್ಮವರನ್ನು ಆರೂವರೆಗೇ ಕೂಡಿಸಿ ಒಂದು ಗಂಟೆ ಸುಮ್ಮನೆ ಕಾಯಿಸುತ್ತದೆ. ಅದರಂತೆಯೇ ಲೆಬನಾನಿನ ಆಜ್ಞೆ ಹೊರಡುವ ಮೊದಲೇ ಬೆಳಿಗ್ಗೆ 9 ಗಂಟೆಯೆಂದು ಗೊತ್ತಾಗಿದ್ದ ವೈದ್ಯರ ಭೇಟಿಯು, ಆಜ್ಞೆ ಏನೇ ಆಗಲಿ, ಗಡಿಯಾರದ 9 ಗಂಟೆಗೇ ಸಲ್ಲಬೇಕು. ಆದುದರಿಂದ ಭವಿಷ್ಯದ ನೇಮಗಳಿಗೆ ಸ್ಥಳೀಯ ವೇಳೆಯನ್ನೂ ವಲಯದ ಹೆಸರನ್ನೂ ಒಟ್ಟಿಗೆ ಬರೆದಿಟ್ಟು, ಸಮಯ ಹತ್ತಿರವಾದಾಗ ಹೊಸ ಕಡತದ ನೆರವಿನಿಂದ ಕ್ಷಣವನ್ನು ಗಣಿಸುವುದು ಸರಿಯಾದ ಮಾರ್ಗ. ಬರಿಯ ಅಂತರವನ್ನು ಬರೆದಿಡುವುದು ಸರ್ವಥಾ ಸಲ್ಲದು.

ಇದು ಪ್ರೋಗ್ರಾಮು ಬರೆಯುವವರಿಗಷ್ಟೇ ಸಂಬಂಧಿಸಿದ ವಿಚಾರವಲ್ಲ. ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುತ್ತಿದ್ದಾಳೆಂದೂ, ಕೊನೆಯ ಗಡುವು ನ್ಯೂಯಾರ್ಕಿನ ವೇಳೆಯಂತೆ ಡಿಸೆಂಬರ್ 15ರ ರಾತ್ರಿ 11 ಗಂಟೆ 59 ನಿಮಿಷವೆಂದೂ ಇಟ್ಟುಕೊಳ್ಳೋಣ. ನಮ್ಮಲ್ಲಿ ಅದು 16ರ ಬೆಳಿಗ್ಗೆ 10 ಗಂಟೆ 29 ನಿಮಿಷ. ಬೇಸಗೆಯ ಅಂತರವನ್ನೇ ನಂಬಿದ ಪ್ರೋಗ್ರಾಮು 9 ಗಂಟೆ 29 ನಿಮಿಷಕ್ಕೇ ಬಾಗಿಲು ಮುಚ್ಚಿತೆಂದು ಹೇಳಿದರೆ, ವರ್ಷವೊಂದರ ಪರಿಶ್ರಮವು ಅವಳ ತಪ್ಪಿಲ್ಲದೆಯೇ ವ್ಯರ್ಥವಾಗಬಹುದು. ಲೆಕ್ಕದಲ್ಲಿ ಅದು ಕೇವಲ ಒಂದು ಗಂಟೆ. ಅವಳ ಪಾಲಿಗೆ ಅದು ಅಷ್ಟಕ್ಕೇ ನಿಲ್ಲುವ ನಷ್ಟವಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಅಭ್ಯಾಸವನ್ನು ಸೂಚಿಸಿ ಮುಗಿಸುತ್ತೇವೆ. ನಿಮ್ಮ ಊರಿನ ರೇಖಾಂಶವನ್ನು ನಕ್ಷೆಯಲ್ಲಿ ನೋಡಿ, ನಾಲ್ಕರಿಂದ ಗುಣಿಸಿ, ಅದರ ಸೂರ್ಯನ ವೇಳೆಯನ್ನು ಕಂಡುಹಿಡಿಯಿರಿ. ಅದು ಪ್ರಮಾಣಕಾಲಕ್ಕಿಂತ ಎಷ್ಟು ಹಿಂದಿದೆಯೆಂಬುದನ್ನು ಬರೆದುಕೊಳ್ಳಿರಿ. ಬಳಿಕ ಪೈಥಾನಿನಲ್ಲಿ ಕೋಲ್ಕತಾ ವಲಯವನ್ನು ಝೋನ್‌ಇನ್ಫೋ ಮೂಲಕ ಕರೆದು, 1900, 1930, 1944 ಮತ್ತು ಈ ವರ್ಷದ ಒಂದೊಂದು ದಿನಾಂಕಕ್ಕೆ ಅಂತರವೇನೆಂದು ಕೇಳಿರಿ. ನಾಲ್ಕು ಉತ್ತರಗಳಲ್ಲಿ ಮೂರು ಬಗೆ ದೊರೆಯುವುದು. ಯಾವುದು ಏಕೆ ಹಾಗೆಂಬುದನ್ನು ಈ ಲೇಖನದ ನೆರವಿನಿಂದ ನೀವೇ ಹೇಳಬಲ್ಲಿರಾದರೆ, ಮುಂದೆ ನೀವು ಬರೆಯುವ ಪ್ರೋಗ್ರಾಮು ಯಾರನ್ನೂ ಒಂದು ಗಳಿಗೆಯಷ್ಟೂ ಕಾಯಿಸಲಾರದು.